ಗುಡುಗು ಮೇಷ್ಟ್ರು ಗಂಟಲು ಕಳೆದುಕೊಂಡದ್ದು

ಐದನೇ ತರಗತಿಯ ಲೆಕ್ಕದ ಮೇಷ್ಟ್ರಿಗೆ ಮಕ್ಕಳು ಇಟ್ಟ ಹೆಸರು ಗುಡುಗು ಮೇಷ್ಟ್ರು. ಅವರು ಭಿನ್ನರಾಶಿ ವಿವರಿಸಲು ನಿಂತರೆ ಪಕ್ಕದ ಕೋಣೆಯಲ್ಲಿ ಇತಿಹಾಸದ ಪಾಠ ನಿಂತುಹೋಗುತ್ತಿತ್ತು. ತಮ್ಮ ಮಾತು ನಿಂತರೆ ಕಲಿಕೆಯೂ ನಿಂತಂತೆ ಎಂದು ಅವರು ನಂಬಿದ್ದರು. ಮಕ್ಕಳು ಕಲಿತರೇ ಎಂದು ಕೇಳಲು ಮಾತ್ರ ಆ ಮಾತಿನ ನಡುವೆ ಬಿಡುವು ಸಿಕ್ಕಿರಲಿಲ್ಲ.

ಒಂದು ದಿನ ಗಂಟಲೇ ಕೈಕೊಟ್ಟಿತು. ಡಾಕ್ಟರು ಬಾಯೊಳಗೆ ದೀಪ ಹಿಡಿದು ನೋಡಿ, "ಒಂದು ತಿಂಗಳು ಮಾತು ಬಂದ್. ಪಿಸುಮಾತೂ ಕೂಡದು," ಎಂದರು.

ಮುಖ್ಯೋಪಾಧ್ಯಾಯಿನಿ ರಜೆ ಕೊಡಲಿಲ್ಲ. "ಬಂದು ಕುರ್ಚಿ ಮೇಲೆ ಕೂತಿರಿ ಮೇಷ್ಟ್ರೇ, ಅಷ್ಟು ಸಾಕು. ಖಾಲಿ ಕುರ್ಚಿ ನೋಡೋರ ಕಣ್ಣಿಗೆ ಚೆನ್ನಾಗಿರಲ್ಲ."

ಮೊದಲ ದಿನ ತರಗತಿ ಸಂತೆಯಾಯಿತು. ಮರುದಿನ ಮೇಷ್ಟ್ರು ಕಚೇರಿಗೆ ಹೋಗಿ ಬೀರುವಿನ ಮೇಲಿದ್ದ ಚೀಲದತ್ತ ಬೆರಳು ತೋರಿಸಿದರು. 'ಆಡುತ್ತಾ ಕಲಿಯೋಣ' ಯೋಜನೆಯಲ್ಲಿ ಬಂದ ಚೀಲ ಅದು.

"ಅದಾ? ಮಕ್ಕಳ ಕೈಗೆ ಸಿಕ್ಕಿದ್ರೆ ಹಾಳಾಗುತ್ತೆ ಅಂತ ಜೋಪಾನ ಮಾಡಿದ್ದೀನಿ," ಎಂದರು ಮುಖ್ಯೋಪಾಧ್ಯಾಯಿನಿ. ಮೇಷ್ಟ್ರು ಕೈ ಮುಗಿದು ನಿಂತೇ ಇದ್ದರು. ಕೊನೆಗೆ ಚೀಲ ಕೆಳಗಿಳಿಯಿತು.

ಒಳಗೆ ರಟ್ಟಿನ ವೃತ್ತಗಳಿದ್ದವು. ಕೆಲವು ಅರ್ಧಕ್ಕೆ, ಕೆಲವು ಕಾಲುಭಾಗಕ್ಕೆ, ಕೆಲವು ಎಂಟನೇ ಒಂದಕ್ಕೆ ಕತ್ತರಿಸಿದವು. ಮೇಷ್ಟ್ರು ಆಟದ ನಿಯಮವನ್ನು ಬೋರ್ಡಿನ ಮೇಲೆ ಬರೆದರು. ನಾಲ್ಕು ಜನರ ಗುಂಪು. ಪ್ರತಿಯೊಬ್ಬರೂ ಒಂದು ಪೂರ್ಣ ವೃತ್ತ ಮಾಡಬೇಕು. ಪಕ್ಕದವರಿಗೆ ತುಂಡು ಕೊಡಬಹುದು, ಕಿತ್ತುಕೊಳ್ಳುವಂತಿಲ್ಲ. ನಾಲ್ವರದ್ದೂ ಪೂರ್ತಿಯಾದರೆ ಮಾತ್ರ ಗುಂಪು ಗೆದ್ದಂತೆ.

ಮೊದಲು ತಮ್ಮ ವೃತ್ತ ಮುಗಿಸಿ ಬೀಗಿದ ಜಾಣರು ಗುಂಪನ್ನೇ ಸೋಲಿಸಿದರು. ಆಮೇಲೆ ಅವರೂ ಪಕ್ಕಕ್ಕೆ ಕಣ್ಣು ಹಾಯಿಸತೊಡಗಿದರು. ಹಿಂದಿನ ಬೆಂಚಿನಲ್ಲೊಬ್ಬ ಹುಡುಗಿ ಇದ್ದಳು. ಏನು ಕೇಳಿದರೂ "ಗೊತ್ತಿಲ್ಲ ಸರ್" ಎಂಬ ಒಂದೇ ಉತ್ತರ ಅವಳದು. ಒಂದು ದಿನ ಅವಳು ತನ್ನ ಅರ್ಧವನ್ನು ಗೆಳತಿಗೆ ಕೊಟ್ಟು, ಬಂದ ಎರಡು ಕಾಲುಭಾಗಗಳನ್ನು ಆ ಜಾಗದಲ್ಲಿ ಇಟ್ಟು, "ಏ, ಎರಡೂ ಒಂದೇ ಕಣೇ!" ಎಂದು ಕೂಗಿದಳು. ಇದನ್ನೇ ಮೇಷ್ಟ್ರು ವರ್ಷವಿಡೀ ಗುಡುಗಿದ್ದರು.

ತಪಾಸಣೆಗೆ ಬಂದ ಅಧಿಕಾರಿ ಬಾಗಿಲಲ್ಲೇ ಬೆರಗಾದರು. "ಎಂಥಾ ಸಂಯಮ! ಈ ವಿಧಾನ ನಿಮಗೆ ಹೇಗೆ ಹೊಳೀತು?"

ಮೇಷ್ಟ್ರು ಗಂಟಲು ಮುಟ್ಟಿ ತೋರಿಸಿದರು.

"ಅರ್ಥವಾಯ್ತು! ಕಲಿಕೆ ಗಂಟಲಿಂದಲ್ಲ, ಅಂತರಂಗದಿಂದ!"

ವಾರದೊಳಗೆ ಆದೇಶ ಬಂತು: ಎಲ್ಲ ಶಿಕ್ಷಕರೂ ದಿನಕ್ಕೊಂದು ಅವಧಿ ಮೌನವಾಗಿರತಕ್ಕದ್ದು. ಆದೇಶವನ್ನು ಶಿಕ್ಷಕರು ಚಾಚೂ ತಪ್ಪದೆ ಪಾಲಿಸಿದರು. ಇತಿಹಾಸದ ಮೇಷ್ಟ್ರು ಗೊರಕೆಯನ್ನೂ ಆದಷ್ಟು ತಗ್ಗಿಸಿದರು. ಜೊತೆಗೊಂದು ಆಹ್ವಾನವೂ ಇತ್ತು. ಶಿಕ್ಷಕರು ಮಾತು ಕಡಿಮೆ ಮಾಡುವುದು ಹೇಗೆಂದು ಗುಡುಗು ಮೇಷ್ಟ್ರು ಎರಡು ಗಂಟೆ ಭಾಷಣ ಮಾಡಬೇಕಂತೆ, ಗಂಟಲು ಸರಿಹೋದ ಮೇಲೆ.

ಗಂಟಲು ಸರಿಹೋದರೆ ಆಟ ಮುಗಿದಂತೆ ಎಂದು ಮಕ್ಕಳಿಗೂ ಗೊತ್ತಿತ್ತು. "ಸರ್, ನೋವು ಇನ್ನೂ ಇದೆ ತಾನೇ?" ಎಂದು ದಿನವೂ ಆಸೆಯಿಂದ ವಿಚಾರಿಸುತ್ತಿದ್ದರು.

ತಿಂಗಳು ತುಂಬಿತು. ಮಾತು ಮರಳಿದ ದಿನ ಮೇಷ್ಟ್ರು ವೃತ್ತಗಳನ್ನು ಮೂಲೆಗೆ ಸರಿಸಿ, ಕೂಡಿಟ್ಟದ್ದನ್ನೆಲ್ಲ ಒಂದೇ ಅವಧಿಯಲ್ಲಿ ಸುರಿದರು. ಮಕ್ಕಳು ಕೈಕಟ್ಟಿ ಕೂತರು. ಕೊನೆಗೆ ಅವರು ಹಿಂದಿನ ಬೆಂಚಿಗೆ ಬೆರಳು ಚಾಚಿದರು. "ನೀನು ಹೇಳಮ್ಮ. ಎರಡು ಕಾಲು ಸೇರಿದ್ರೆ ಎಷ್ಟು?"

ಹುಡುಗಿ ಎದ್ದು ನಿಂತಳು. ಮೇಜು ನೋಡಿದಳು, ನೆಲ ನೋಡಿದಳು. "ಗೊತ್ತಿಲ್ಲ ಸರ್."

ಮೇಷ್ಟ್ರು ಮೂಲೆಗೆ ಸರಿಸಿದ್ದ ವೃತ್ತಗಳತ್ತ ತಿರುಗಿ ನೋಡಿದರು. ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಅವರು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಬಂದರು. ಮುಖ್ಯೋಪಾಧ್ಯಾಯಿನಿ, "ಮತ್ತೆ ಏನಾಯ್ತು?" ಎಂದರೆ ಗಂಟಲು ಮುಟ್ಟಿ ತೋರಿಸಿದರು. ತರಗತಿಗೆ ಹೋಗಿ ಚೀಲ ಬಿಚ್ಚಿದರು. ಭಾಷಣ ಮುಂದಕ್ಕೆ ಹೋಯಿತು. ನುಂಗಿದ ಮಾತೆಲ್ಲ ಸಂಜೆ ಮನೆಯಲ್ಲಿ ಹೊರಬೀಳುತ್ತಿತ್ತು.

"ಅಲ್ಲ ರೀ, ಅಲ್ಲಿ ಮೌನ, ಇಲ್ಲಿ ಪ್ರವಚನ. ನಾನೇನು ಪಾಪ ಮಾಡಿದ್ದೆ? ಸಹಕಾರ ಕಲಿಸ್ತೀರಂತೆ, ಕುಡಿದ ಲೋಟ ಎತ್ತಿಡಿ ನೋಡೋಣ," ಎಂದರು ಹೆಂಡತಿ.

ಕೆಲವು ದಿನಗಳ ನಂತರ ತರಕಾರಿ ಅಂಗಡಿಯಲ್ಲಿ ಕೊಳೆತ ಟೊಮೆಟೊ ವಿಷಯಕ್ಕೆ ಜಗಳ ಹತ್ತಿತು. ಮೇಷ್ಟ್ರು ಮೈಮರೆತು ಗುಡುಗಿದರು. ಬೀದಿಯೇ ತಿರುಗಿ ನೋಡಿತು. ತಕ್ಕಡಿಯ ಆಚೆ ಅಮ್ಮನ ಕೈ ಹಿಡಿದು ಹಿಂದಿನ ಬೆಂಚಿನ ಹುಡುಗಿ ನಿಂತಿದ್ದಳು. ಮೇಷ್ಟ್ರ ಮುಖ ಕಪ್ಪಿಟ್ಟಿತು.

ಹುಡುಗಿ ಹತ್ತಿರ ಬಂದಳು. ಸುತ್ತ ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ ಅತ್ತಿತ್ತ ನೋಡಿ, ಮೆಲ್ಲಗೆ ಹೇಳಿದಳು:

"ಸರ್, ಇಷ್ಟು ಜೋರಾಗಿ ಕೂಗಬೇಡಿ. ಹೆಡ್ ಮೇಡಂ ಮನೆ ಇಲ್ಲೇ ಹಿಂದಿನ ಬೀದೀಲಿದೆ."