ಪೈಪಿನ ಬಾಯಿಗೆ ಬೋಲ್ಟು

ಆ ಕಾರು ನನ್ನದು. ಮದುವೆಗೆ ಮೊದಲೇ, ಹಿಮಾಯತ್‌ನಗರದ ನಮ್ಮ ಆಫೀಸಿನಲ್ಲಿ ನಿವೃತ್ತರಾಗುತ್ತಿದ್ದ ಹಿರಿಯರೊಬ್ಬರಿಂದ ನನ್ನ ಸಂಬಳದಲ್ಲೇ ಕೊಂಡದ್ದು. ಕಾರ್ಬುರೇಟರ್ ಇರುವ ಹಳೇ ಕಾಲದ ಬಿಳಿ ಗಾಡಿ. ಈಗ ಅಂಥವು ರಸ್ತೆಯ ಮೇಲೆ ಕಾಣುವುದೇ ಅಪರೂಪ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಮುಂದೆ ನಡೆದದ್ದೆಲ್ಲ, ಅದು ನನ್ನದು ಎಂಬುದನ್ನು ಸುತ್ತಲಿದ್ದವರು ಮರೆತದ್ದರಿಂದ ನಡೆದದ್ದು.

ಎರಡು ವರ್ಷದ ಹಿಂದೆ ಅದು ಸಿಗ್ನಲ್‌ನಲ್ಲಿ ನಿಂತಾಗೆಲ್ಲ ಗಡಗಡ ನಡುಗಿ ಬಂದ್ ಬೀಳತೊಡಗಿತು. ನನಗೆ ರಜೆ ಸಿಗಲಿಲ್ಲ. ಒಂದು ಶುಕ್ರವಾರ ನನ್ನ ಗಂಡ ಮೆಕ್ಯಾನಿಕ್ ಹತ್ತಿರ ಒಯ್ದು ಸಂಜೆ ತಂದು ನಿಲ್ಲಿಸಿದರು. "ರಿಪೇರಿ ಆತು," ಎಂದರು. ಅಷ್ಟೇ.

ಮರುದಿನ ಮಣಿಕೊಂಡದಲ್ಲಿ ಸಂಬಂಧಿಕರ ಕೂಸಿಗೆ ಹೆಸರಿಡುವುದಿತ್ತು. ಅತ್ತೆಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹೊರಟೆ. ಮೊದಲ ತಿರುವಿನಲ್ಲೇ ಬ್ರೇಕು ಬಿಗಿ ಅನ್ನಿಸಿತು. ಗಾಡಿ ಬದಿಗೆ ನಿಲ್ಲಿಸಿ ಗಂಡನಿಗೆ ಫೋನ್ ಮಾಡಿದೆ.

"ಬ್ರೇಕ್ ಭಾಳ ಗಟ್ಟಿ ಐತ್ರೀ."

"ಈಗ ಸರ್ವಿಸ್ ಆಗೇತಿ, ಹಂಗ ಇರ್ತೈತಿ. ನಿನಗ ರೂಢಿ ತಪ್ಪೇತಿ, ಅಷ್ಟ."

ನಂಬಿದೆ. ಆ ನಂಬಿದ್ದಕ್ಕೆ ನನ್ನ ಮೇಲೆಯೇ ನನಗೆ ಈಗಲೂ ಸಿಟ್ಟಿದೆ. ಟ್ರಾಫಿಕ್ಕಿನಲ್ಲಿ ಮೆಲ್ಲಗೆ ಹೋಗುವಾಗ ಹೇಗೋ ನಡೆಯಿತು. ಮಣಿಕೊಂಡದ ಒಳರಸ್ತೆಯೊಂದು ಇಳಿಜಾರು. ಕೆಳಗೆ ಕಟ್ಟಡದ ಕೆಲಸ ನಡೆದಿತ್ತು. ತಲೆಯ ಮೇಲೆ ಉಸುಕಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ರಸ್ತೆ ದಾಟುತ್ತಿದ್ದಳು. ಬ್ರೇಕು ತುಳಿದೆ. ಕಲ್ಲು ತುಳಿದಂತಾಯಿತು. ಎರಡೂ ಕಾಲಿಟ್ಟು ಸೀಟಿನಿಂದ ಎದ್ದು ತುಳಿದೆ, ಹ್ಯಾಂಡ್‌ಬ್ರೇಕು ಎಳೆದೆ. ಗಾಡಿ ಅಡ್ಡಡ್ಡ ಜಾರಿ ಅವಳಿಂದ ಒಂದು ಮೊಳ ದೂರದಲ್ಲಿ ನಿಂತಿತು. ಉಸುಕೆಲ್ಲ ಬಾನೆಟ್ಟಿನ ಮೇಲೆ ಸುರಿಯಿತು.

"ಕಣ್ಣ ಕಾಣಂಗಿಲ್ಲೇನ ನಿನಗ? ನನ್ನ ಮಕ್ಕಳನ್ನ ನೀ ಸಾಕತಿಯೇನ?" ಅವಳು ಬೈದದ್ದು ಕನ್ನಡದಲ್ಲಿ. ನಮ್ಮ ಕಡೆಯವಳೇ. ಈ ಊರಿನವರ ಹಾಗೆ ತೆಲುಗಿನಲ್ಲಿ ಬೈದಿದ್ದರೆ ಏನಾದರೂ ಸಮಜಾಯಿಷಿ ಕೊಡುತ್ತಿದ್ದೆನೇನೋ. ಅವಳಿಗೆ ಬರೀ ಕೈ ಮುಗಿದೆ. ಅವಳು ಕ್ಯಾಕರಿಸಿ ಉಗುಳಿ, ಬುಟ್ಟಿ ಎತ್ತಿಕೊಂಡು ಹೋದಳು.

ಡ್ಯಾಶ್‌ಬೋರ್ಡಿನಲ್ಲಿದ್ದ ಚೀಟಿಯ ಮೇಲೆ ಮೆಕ್ಯಾನಿಕ್ ನಂಬರಿತ್ತು. ಫೋನಿನಲ್ಲಿ ನಾನು ಏನೇನು ಅಂದೆನೋ, ಅರ್ಧ ತಾಸಿನಲ್ಲಿ ಬೈಕು ಹತ್ತಿ ಬಂದ. ಹುಮನಾಬಾದ್ ಕಡೆಯವನು, ನನ್ನ ವಾರಿಗೆಯವನು. ಬಾನೆಟ್ ಎತ್ತಿ, ಹೆಬ್ಬೆರಳು ಗಾತ್ರದ ರಬ್ಬರ್ ಪೈಪೊಂದನ್ನು ತೋರಿಸಿದ. ಅರ್ಧಕ್ಕೆ ಕತ್ತರಿಸಿದ ಅದರ ಬಾಯಿಗೆ ಬೋಲ್ಟೊಂದನ್ನು ತುರುಕಿ ತಂತಿ ಸುತ್ತಲಾಗಿತ್ತು.

"ಇಂಜಿನ್ ಈ ಪೈಪಿನ್ಯಾಗಿಂದ ಗಾಳಿ ಜಗ್ಗತೈತ್ರೀ ಅಕ್ಕಾರ. ಆ ಜಗ್ಗೂದರಿಂದನ ಬ್ರೇಕಿಗೆ ಬಲ. ಪೈಪ್ ಹರದು ಹೊರಗಿನ ಗಾಳಿ ನುಗ್ಗಾಕತ್ತಿತ್ತು, ಅದಕ್ಕ ಇಂಜಿನ್ ನಡಗತಿತ್ತು. ಹೊಸಾದು ಸಿಗೂತನಕ ಮುಚ್ಚೀನಿ. ಮನೀತನಕ ಅಷ್ಟ ಒಯ್ರಿ, ಆಮ್ಯಾಲೆ ಹೊರಗ ತಗೀಬ್ಯಾಡ್ರಿ ಅಂತ ಸಾಹೇಬ್ರಿಗೆ ಹೇಳೀನಲ್ರಿ!"

"ನನಗ್ಯಾಕ ಹೇಳಲಿಲ್ಲ?"

"ಗಾಡಿ ಸಾಹೇಬ್ರದಲ್ಲೇನ್ರಿ?"

ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಆದರೆ ಅವನು ಹೇಳಬೇಕಾದ್ದನ್ನು ಹೇಳಿದ್ದ. ಫೋನಿನಲ್ಲಿ ನಾನು ಕೇಳಿದಾಗಲೂ ಬಾಯಿಬಿಡದವರು ಮನೆಯಲ್ಲಿದ್ದರು.

ಹೆಸರಿಡುವ ಮನೆಗೆ ಹೋಗಲಿಲ್ಲ. ಕಾರನ್ನು ಎಳೆಸಿಕೊಂಡು ಹೋಗಲು ಅವನಿಗೆ ಹೇಳಿ, ಆಟೋ ಹಿಡಿದು ವಾಪಸ್ಸು ಬಂದೆವು. ಗಂಡ ರೊಟ್ಟಿ ತಿನ್ನುತ್ತಿದ್ದರು.

"ಮೆಕ್ಯಾನಿಕ್ ನಿಮಗ ಏನಂತ ಹೇಳಿದ್ದನ್ರೀ?"

ಮುಖ ನೋಡಿದರೆ ಸಾಕಿತ್ತು, ಅವರಿಗೆ ಎಲ್ಲ ನೆನಪಿತ್ತು. "ನೀ ಸುಮ್ಮನ ಹೆದರತಿ ಅಂತ ಹೇಳಲಿಲ್ಲ. ಈ ವ್ಯಾಕ್ಯೂಮ್ ಪೈಪು ಗೀಪು ನಿನಗ ತಿಳಿಯೂದೂ ಇಲ್ಲ. ಈಗೇನೂ ಆಗಿಲ್ಲಲ್ಲ?"

ಚೀರಿದೆ. ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ ಚೀರಿದೆ. ಅಷ್ಟು ಸಿಟ್ಟಿನಲ್ಲೂ ಗಂಡನಿಗೆ ಹಚ್ಚುವ 'ರೀ' ಬಾಯಿಂದ ಬಿಟ್ಟುಹೋಗಲಿಲ್ಲ ನೋಡಿ, ಅದಕ್ಕೂ ಸಿಟ್ಟು ಬಂತು. ಕಡೆಗೆ ಅವರು ಅತ್ತೆಯ ಕಡೆ ತಿರುಗಿ, "ನೀನರ ಇಕಿಗೆ ಹೇಳವ್ವಾ," ಎಂದರು. ಅತ್ತೆ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ.

"ಆ ಗಾಡ್ಯಾಗ ನಾನೂ ಇದ್ದೆನಪ್ಪಾ," ಎಂದವರು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಹೊಸ ಪೈಪು ಸಿಕ್ಕವೆಂದು ಮರುದಿನ ಮೆಕ್ಯಾನಿಕ್ ಫೋನ್ ಮಾಡಿದ ಕೂಡಲೇ ಅವನ ಶೆಡ್ಡಿಗೆ ಹೋದೆ. "ನೀ ಬರೀ ಬಾಯಿಲೆ ಹೇಳು. ಕೈ ನಾ ಹಚ್ಚತೀನಿ," ಎಂದೆ. ಮೊದಲು ನಕ್ಕ. ನನ್ನ ಮುಖ ನೋಡಿ ಸ್ಪ್ಯಾನರ್ ಕೊಟ್ಟ.

ಇಂಜಿನ್ ಮೇಲೆ ಸಣ್ಣವು ದೊಡ್ಡವು ಅಂತ ಒಂಬತ್ತು ಪೈಪುಗಳಿದ್ದವು. ಹಳೆಯದನ್ನು ಬಿಚ್ಚಿದರೆ ಬೆರಳಲ್ಲೇ ಮುರಿಯುತ್ತಿತ್ತು. ಒಂದನ್ನು ಬಿಚ್ಚಿ, ಅದೇ ಅಳತೆಯ ಹೊಸದನ್ನು ಕತ್ತರಿಸಿ, ಅದೇ ಜಾಗಕ್ಕೆ ಕೂಡಿಸಿದ ಮೇಲಷ್ಟೇ ಇನ್ನೊಂದಕ್ಕೆ ಕೈ. ಬೇರೆ ಎರಡು ಪೈಪುಗಳೊಳಗೂ ಬೋಲ್ಟು ಸಿಕ್ಕವು, ಅವನದಲ್ಲ, ಇನ್ಯಾವ ಕಾಲದ್ದೋ, ಇನ್ಯಾರದೋ. ಬೈಯುತ್ತ ಬೈಯುತ್ತ ಕಿತ್ತೆ. ಕಾರ್ಬುರೇಟರ್ ಬಿಚ್ಚಿದಾಗ ಪೆಟ್ರೋಲು ಹೋಗುವ ಸೂಜಿಗಾತ್ರದ ತೂತುಗಳಲ್ಲಿ ಕೆಂಪು ಕಸ ಕಟ್ಟಿತ್ತು. ಪೆಟ್ರೋಲಿನಲ್ಲಿ ತೊಳೆದು ಗಾಳಿ ಹೊಡೆದೆ. ಉಗುರೊಳಗಿನ ಕರಿ ಎಂಟು ದಿನ ಹೋಗಲಿಲ್ಲ.

ಸಂಜೆ ಅವನು ಬ್ರೇಕಿನ ಪರೀಕ್ಷೆ ಹೇಳಿಕೊಟ್ಟ. ಇಂಜಿನ್ ಬಂದ್ ಇದ್ದಾಗ ನಾಲ್ಕೈದು ಸಲ ತುಳಿದು, ಗಟ್ಟಿಯಾದ ಮೇಲೆ ಕಾಲು ತೆಗೆಯದೆ ಚಾಲೂ ಮಾಡಬೇಕು; ಆಗ ಬ್ರೇಕು ಕೆಳಗಿಳಿದರೆ ಅದಕ್ಕೆ ಬಲ ಬಂದಂತೆ. ಮಾಡಿದೆ. ಇಂಜಿನ್ ಹತ್ತಿದ್ದೇ ಬ್ರೇಕು ಕಾಲಡಿಯಲ್ಲಿ ಮೆತ್ತಗೆ ಒಂದಿಷ್ಟು ಇಳಿಯಿತು. ಅಲ್ಲೇ ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಮೆಕ್ಯಾನಿಕ್ ಆಚೆ ಹೋಗಿ ನಿಂತ.

ನಾಲ್ಕು ದಿನ ಬಿಟ್ಟು ಗಂಡ, "ತಪ್ಪಾತು," ಎಂದರು. ಟಿವಿ ನಡೆದೇ ಇತ್ತು. ಟಿವಿ ಬಂದ್ ಮಾಡಿ ಇನ್ನೊಮ್ಮೆ ಹೇಳಿಸಿದೆ. ಹೇಳಿದರು. ಅದು ಮನಸ್ಸಿನಿಂದ ಬಂದದ್ದೇ ಇರಬಹುದು, ನನಗೆ ಗೊತ್ತಾಗಲಿಲ್ಲ. ಕಾರಿನ ಎರಡೂ ಕೀಲಿ ಈಗ ನನ್ನ ಹತ್ತಿರವೇ ಇವೆ. ಅವರಿಗೆ ಬೇಕಾದಾಗ ಕೇಳುತ್ತಾರೆ, ಕೊಡುತ್ತೇನೆ. ಆದರೆ "ಈಗೇನೂ ಆಗಿಲ್ಲಲ್ಲ" ಎಂದ ಅವರ ಆ ಮಾತು ನೆನಪಾದಾಗೆಲ್ಲ, ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು ಒಂದು ಸುತ್ತು ಹೊರಗೆ ಹೋಗಿಬರುತ್ತೇನೆ.