ತುಳಸಿ ಕುಂಡದ ಗುಳಿ

ಕಳೆದ ವಾರ ವಿಮಾನಪುರದ ನಮ್ಮ ಮನೆಯ ಹಿತ್ತಿಲಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದೆ. ಮಹಡಿಯ ಬಾಡಿಗೆ ಹುಡುಗಿ ಸವಿತಾ ಇಳಿದು ಬಂದಳು. ಧಾರವಾಡದ ಕಡೆಯವಳು. ನಮ್ಮ ಕೆರೆಯ ಹೂಳಿನ ಮೇಲೆ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿದ್ದಾಳೆ. (ಹೂಳಿನಲ್ಲಿ ಓದುವುದೇನಿದೆ ಅಂತ ನಾನೂ ನಕ್ಕಿದ್ದೆ.) ಗಣೇಶನನ್ನು ಬಿಡುವ ಜಾಗದಲ್ಲಿ ಪೈಪು ಊರಿ ಹೂಳು ತೆಗೆದು, ಯಾವ ಪದರದಲ್ಲಿ ಏನಿದೆ ಅಂತ ಲ್ಯಾಬಿನಲ್ಲಿ ನೋಡುವುದು ಅವಳ ಕೆಲಸ.

“ಆಂಟಿ, ಕೆಳಗಿನ ಪದರ ಚಲೋ ಐತ್ರಿ. ಮ್ಯಾಲಿನ ಒಂದು ಗೇಣಿನಾಗ ಸೀಸದ ವಿಷ ಸಿಕ್ಕೇತಿ. ಗಣಪ್ಪನ ಬಣ್ಣದ್ದು ಇರಬೇಕು.”

“ಕೆರೆಯ ಗ್ರಹಚಾರ ಕಣಮ್ಮ.”

“ಕೆರೆ ಅಷ್ಟ ಅಲ್ರಿ. ನಿಮ್ಮ ತುಳಸಿ ಕುಂಡದ ಮಣ್ಣೂ ಒಂದು ಚಮಚ ಒಯ್ದಿದ್ದೆ. ಅದರಾಗೂ ಐತಿ.”

ಇರದೆ ಏನು? ಗಣೇಶನನ್ನು ಬಿಟ್ಟು ಬರಿಗೈಯಲ್ಲಿ ಮನೆಗೆ ಬರಬಾರದು. ಕೆರೆಯ ತಳದಿಂದ ಒಂದು ಹಿಡಿ ಮಣ್ಣು ತರಬೇಕು, ತುಳಸಿಗೆ ಹಾಕಬೇಕು. ನಿಮ್ಮಲ್ಲೂ ಕೆಲವರ ಪದ್ಧತಿ ಇದೇ ಇರಬಹುದು. ಮೂರ್ತಿ ವರ್ಷ ವರ್ಷ ದೊಡ್ಡದಾಯಿತು, ಪೇಂಟು ಹೆಚ್ಚಾಯಿತು. ನನ್ನ ಹಿಡಿ ಮಣ್ಣು ಮಾತ್ರ ತಪ್ಪಲಿಲ್ಲ.

ಕೈಯಲ್ಲಿದ್ದ ಕಾಳು ಕೈಯಲ್ಲೇ ಉಳಿಯಿತು. ಆ ಗುಳಿ ನೆನಪಾಗಿತ್ತು.

ಕೆಲವು ದಿನಗಳಿಂದ ಬೆಳಗ್ಗೆ ಎದ್ದು ನೋಡಿದರೆ ಕುಂಡದಲ್ಲೊಂದು ಗುಳಿ. ಮುಚ್ಚಿದರೆ ಮಾರನೆಯ ದಿನ ಮತ್ತೆ. ಹೆಗ್ಗಣ ಅಂದುಕೊಂಡೆ. ಹೆಗ್ಗಣ ರಂಗೋಲಿ ತುಳಿಯದೆ ಬರುತ್ತದೆಯೇ? ಗುಳಿಯ ಅಂಚಿನಲ್ಲಿ ಮೂರು ಗೆರೆ. ಮೂರು ಬೆರಳು ಎಳೆದಂತೆ. ಯಾವ ಗಾಳಿಯೋ ಏನೋ ಅಂತ ಹೆದರಿ, ಯಾರಿಗೂ ಹೇಳದೆ ದೀಪ ಒಂದು ಹೆಚ್ಚಿಗೆ ಹಚ್ಚಿದ್ದೆ.

ಒಳಗೆ ಹೋದೆ. ಚೊಚ್ಚಲ ಹೆರಿಗೆಗೆ ಬಂದ ಮಗಳು ಪದ್ಮ ಮಲಗಿದ್ದಳು. ಏಳು ತಿಂಗಳು. ಕೈ ತಿರುಗಿಸಿ ನೋಡಿದೆ. ಮೂರು ಉಗುರಿನ ಸಂದಿಯಲ್ಲಿ ಕಪ್ಪು.

“ಎಷ್ಟು ದಿನದಿಂದ ಮಣ್ಣು ತಿಂತಿದ್ದೀಯೇ?”

ಅವಳು ಎದ್ದು ಕೂತು ಕೈ ಹೊದಿಕೆಯೊಳಗೆ ಎಳೆದುಕೊಂಡಳು.

“ಒದ್ದೆ ಮಣ್ಣಿನ ವಾಸನೆ ಕಣಮ್ಮ. ತಡ್ಕೊಳ್ಳೋಕೇ ಆಗಲ್ಲ. ನಾನು ಹೊಟ್ಟೇಲಿದ್ದಾಗ ನೀನೂ ತಿಂತಿದ್ದೆಯಂತೆ? ಅಜ್ಜಿ ಹೇಳ್ತಿದ್ರು.”

ತಿಂದಿದ್ದೆ. ಅದು ಕೆಳಗಿನ ಪದರದ ಮಣ್ಣು, ಪೇಂಟಿಲ್ಲದ ಕಾಲದ್ದು.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಮೊನ್ನೆ ರಿಪೋರ್ಟು ಬಂತು. “ಸ್ವಲ್ಪ ಸೀಸ ಇದೆ. ಬೇಗ ಗೊತ್ತಾಯ್ತಲ್ಲ, ಇವತ್ತಿಂದ ಮುಟ್ಟಬಾರ್ದು. ಹೆರಿಗೆ ಆದ್ಮೇಲೆ ಮಗೂಗೂ ಟೆಸ್ಟ್ ಮಾಡೋಣ” ಅಂದರು. ಬೇಗ ಗೊತ್ತಾಯಿತು, ಆ ಮಟ್ಟಿಗೆ ದೇವರು ದೊಡ್ಡವನು. ಮಗು ಚೆನ್ನಾಗಿ ಒದೆಯುತ್ತಿದೆ. ಅದೂ ಒಂದು ಪುಣ್ಯವೇ.

ನಿನ್ನೆ ಕುಂಡದ ಮಣ್ಣನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಕಟ್ಟಿದೆ. ಪೂಜೆಯ ಮಣ್ಣು, ಕಸದ ತೊಟ್ಟಿಗೆ ಹಾಕುವುದು ಹೇಗೆ? ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ. “ಅದಕ್ಯಾಕೆ ಇಷ್ಟು ಯೋಚ್ನೆ? ಕೆರೆಗೆ ಬಿಟ್ಬಿಡು.”

ಚೀಲ ಹಿತ್ತಿಲಲ್ಲೇ ಇದೆ. ನಾನು ಮತ್ತೆ ಅವರೆಕಾಳಿನ ಮುಂದೆ ಕೂತಿದ್ದೇನೆ. ಕೈ ಹಿತುಕುತ್ತಿದೆ, ಕಣ್ಣು ಮಾತ್ರ ಚೀಲದ ಮೇಲೆ. ನಾನೇ ಬಿಗಿದು ಕಟ್ಟಿದ ಅದರ ಬಾಯಿ ಇವತ್ತು ಬೆಳಗ್ಗೆ ಸಡಿಲವಾಗಿತ್ತಲ್ಲ, ಯಾಕೆ?