ಮೊಸಳೆ ಎಷ್ಟು ಅಡಿ ಇತ್ತು?

ನೀವು ನಂಬುವುದಿಲ್ಲ, ಗೊತ್ತು. ಆದರೂ ಹೇಳುತ್ತೇನೆ. ನನಗೆ ಒಂಬತ್ತು ವರ್ಷವಾಗಿದ್ದಾಗ, ದೋಣಿಗಿಂತ ಉದ್ದದ ಮೊಸಳೆಯೊಂದು ನನ್ನನ್ನು ಮೇಲಿಂದ ಕೆಳಗೆ ಅಳೆದು, ‘ಇದರಲ್ಲಿ ಬರೀ ಮೂಳೆ’ ಎಂದು ಮುಖ ತಿರುಗಿಸಿಕೊಂಡು ಹೋಯಿತು.

ಆಗೆಲ್ಲ ನಮ್ಮ ಮನೆಯಲ್ಲಿ ಒಂದು ಕಥೆ ಹೇಳಲು ಇಬ್ಬರು ಬೇಕಾಗುತ್ತಿತ್ತು. ಅಪ್ಪ ಎಳೆಯುವವನು, ಅಮ್ಮ ಕತ್ತರಿಸುವವಳು. ಪಕ್ಕದೂರು ಸ್ಯಾನ್ ರಮೋನಿನಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ ಅಪ್ಪ, “ಫ್ರೀವೇಲಿ ಮೂರು ಗಂಟೆ ಸಿಕ್ಕಾಕೊಂಡಿದ್ವಿ!” ಎಂದು ಶುರು ಮಾಡುತ್ತಿದ್ದ. ಅಮ್ಮ ತಟ್ಟೆಯಿಂದ ತಲೆ ಎತ್ತದೆ, “ಅರ್ಧ ಗಂಟೆ ರೀ” ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ಎಲ್ಲರಿಗಿಂತ ಜೋರಾಗಿ ಅಪ್ಪ. ನಾನು ಎಳೆಯಲು ಕಲಿತದ್ದು ಅವನಿಂದಲೇ. ಕತ್ತರಿ ಹೇಗೂ ಇದೆಯಲ್ಲ ಎಂಬ ಧೈರ್ಯ ಬೇರೆ.

ಆ ವರ್ಷ ಚಳಿಗಾಲದ ರಜೆಗೆ ನನ್ನ ಕ್ಲಾಸಿನವರೆಲ್ಲ ಹಿಮದಲ್ಲಿ ಜಾರಲು ಟಾಹೋಗೆ ಹೋದರೆ, ಅಪ್ಪ ನಮ್ಮನ್ನು ಆಸ್ಟ್ರೇಲಿಯಾದ ಉತ್ತರ ತುದಿಗೆ ಕರೆದೊಯ್ದ. ನಮ್ಮ ಡಿಸೆಂಬರು ಅಲ್ಲಿ ಸೆಖೆಯ ಮಳೆಗಾಲ ಎಂಬುದನ್ನು ಟಿಕೆಟ್ ತೆಗೆಯುವಾಗ ಅವನು ನೋಡಿಯೇ ಇರಲಿಲ್ಲ. ಏರ್‌ಪೋರ್ಟಿನ ಬಾಗಿಲು ತೆರೆದದ್ದೇ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹಬೆ ಮುಖಕ್ಕೆ ಬಡಿಯಿತು. ನಾನು ಸ್ವೆಟರಿನೊಳಗೇ ಬೆಂದೆ. ಅದಕ್ಕೆ ಮೊದಲು, ಏರ್‌ಪೋರ್ಟಿನ ಒಳಗೆ, ತಪಾಸಣೆಯ ನಾಯಿ ಅಮ್ಮನ ಚಟ್ನಿಪುಡಿ ಡಬ್ಬಿಯನ್ನು ಮೂಸಿ ನೋಡಿತ್ತು.

“ಮೂರ್ಛೆ ಹೋಯ್ತು ಪಾಪ, ನೀರು ಚಿಮುಕಿಸಿ ಎಬ್ಬಿಸಿದ್ರು!” ಎಂದ ಅಪ್ಪ, ಟ್ಯಾಕ್ಸಿಯಲ್ಲಿ.

“ಸೀನಿತು ಅಷ್ಟೇ,” ಎಂದಳು ಅಮ್ಮ. ಕಿಟಕಿಯ ಕಡೆ ನೋಡಿಕೊಂಡು, ನಗದೆ. ಪ್ರಯಾಣದ ಸುಸ್ತು ಎಂದುಕೊಂಡೆ.

ಮರುದಿನ ದೋಣಿ. ಹಾಲು ಜಾಸ್ತಿಯಾದ ಕಾಫಿಯಂಥ ನದಿ, ಕೊಳೆತ ಎಲೆಯ ವಾಸನೆ, ದಡದ ತುಂಬ ಕೊಕ್ಕರೆ, ಬಾತುಕೋಳಿ. ಸೊಳ್ಳೆಗಳೋ, ಒಂದೊಂದೂ ಗುಬ್ಬಚ್ಚಿ ಗಾತ್ರ. ಮರದ ದಿಮ್ಮಿ ಎಂದುಕೊಂಡದ್ದಕ್ಕೆ ಕಣ್ಣು ಬಂತು. ಅಪ್ಪ ನನ್ನ ಫ್ರಾಕಿನ ಕಾಲರು ಹಿಡಿದೆಳೆದು ಕೂಗಿದ: “ಇಪ್ಪತ್ತಡಿ ಕಣೇ ಇದು, ಇಪ್ಪತ್ತಡಿ!” ನಾನು ಹಿಂತಿರುಗಿ ನೋಡಿದೆ. ಅಮ್ಮ ದೋಣಿಯ ಇನ್ನೊಂದು ತುದಿಯಲ್ಲಿ ಒಬ್ಬಳೇ ಕೂತಿದ್ದಳು. ಕೇಳಿಸಿರಲಿಕ್ಕಿಲ್ಲ.

ಅದರ ಮರುದಿನ ಬಂಡೆಚಿತ್ರ ನೋಡಲು ಹೋದೆವು. ಅರ್ಧಕ್ಕರ್ಧ ರಸ್ತೆ ನೀರಿನಡಿಯಲ್ಲಿತ್ತು, ತಲುಪಬಹುದಾಗಿದ್ದದ್ದು ಒಂದೇ ಬಂಡೆ. ಕರೆದುಕೊಂಡು ಹೋದಾಕೆ ಆ ನೆಲದ ಮೂಲನಿವಾಸಿಗಳ ಪೈಕಿ ಒಬ್ಬ ಹಿರಿಯ ಹೆಂಗಸು. ಚಾಚಿಕೊಂಡ ಕಲ್ಲಿನ ಕೆಳಗೆ, ಕೆಂಪು ಬಿಳಿ ಮಣ್ಣಿನ ಬಣ್ಣದಲ್ಲಿ, ನನಗಿಂತ ಉದ್ದದ ಒಂದು ಮೀನು. ಬೆನ್ನಮೂಳೆ, ಮುಳ್ಳು, ಕರುಳು, ಎಲ್ಲ ಹೊರಗೇ ಕಾಣುತ್ತಿತ್ತು. ಅಮ್ಮ ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡುವ ಡಾಕ್ಟರು.

“ನೋಡೇ, ನಿಮ್ಮಮ್ಮನ ಆಫೀಸು ಇಲ್ಲೂ ಬ್ರಾಂಚ್ ತೆಗೆದಿದೆ,” ಎಂದ ಅಪ್ಪ. ನಕ್ಕದ್ದು ನಾನೊಬ್ಬಳೇ.

“ಒಳಗೇನಿದೆ ಅಂತ ಗೊತ್ತಿರಬೇಕು,” ಎಂದರು ಆ ಹಿರಿಯ ಹೆಂಗಸು, ತಮ್ಮ ಇಂಗ್ಲಿಷಿನಲ್ಲಿ. “ಹಂಚೋವಾಗ ಯಾವ ಭಾಗ ಯಾರಿಗೆ ಅಂತ ತಿಳೀಬೇಕಲ್ಲ.” ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: “ಮೊಸಳೆ ನೋಡಿದ್ಯಾ ಮರಿ?”

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಎರಡೂ ಕೈ ಚಾಚಿದ. “ಇಪ್ಪತ್ತಡಿ!” ಎಂದು ಹೇಳಿ, ಎಂದಿನಂತೆ ಕಾದ. ನಾನೂ ನಗು ರೆಡಿ ಮಾಡಿಕೊಂಡು ಕಾದೆ.

ಅಮ್ಮ ಮೀನನ್ನೇ ನೋಡುತ್ತಿದ್ದಳು. “ಹೌದು,” ಎಂದಳು. “ಇಪ್ಪತ್ತು.”

ಅಷ್ಟೇ. ಜಗಳವಿಲ್ಲ, ಕೂಗಾಟವಿಲ್ಲ. ಬಂಡೆಯ ಮೇಲೆ ಮಳೆ ಧೋ ಎಂದು ಸುರಿಯತೊಡಗಿತು. ಅಪ್ಪನ ಕೈ ಇನ್ನೂ ಅಗಲವಾಗಿಯೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಅದನ್ನು ಇಳಿಸಿ, ಯಾರ ಮುಖವನ್ನೂ ನೋಡದೆ, “ಇಲ್ಲ... ಎಂಟಡಿ ಇತ್ತೇನೋ,” ಎಂದ. ಅಪ್ಪ ತನ್ನ ಮಾತನ್ನು ತಾನೇ ಕತ್ತರಿಸಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೊಸಳೆಗೆ ಹೆದರದವಳು ಅಲ್ಲಿ ಹೆದರಿದೆ.

ಯುಗಾದಿಯ ಹೊತ್ತಿಗೆ ಅಪ್ಪ ಒಂದು ಗಂಟೆ ದೂರದ ಮಾರ್ಗನ್ ಹಿಲ್ಲಿನಲ್ಲಿ ಅಪಾರ್ಟ್‌ಮೆಂಟ್ ಹಿಡಿದಿದ್ದ. ಅಮ್ಮ, ನಾನು ಪ್ಲೆಸೆಂಟನ್ನಿನ ಹಳೇ ಮನೆಯಲ್ಲೇ ಉಳಿದೆವು. ವಾರ ಬಿಟ್ಟು ವಾರ ನನ್ನನ್ನು ಇಲ್ಲಿಂದ ಅಲ್ಲಿಗೆ ಸಾಗಿಸುತ್ತಾರೆ. ಅಲ್ಲಿ ಅಪ್ಪ ಫ್ರೀವೇಯ ಅರ್ಧ ಗಂಟೆಯನ್ನು ಅರ್ಧ ಗಂಟೆ ಎಂದೇ ಹೇಳುತ್ತಾನೆ. ಇಲ್ಲಿ ಅಮ್ಮನಿಗೆ ಕತ್ತರಿಸಲು ಏನೂ ಸಿಗುವುದಿಲ್ಲ. ಹಾಗಾಗಿ ಎಳೆಯುವ ಕೆಲಸ ನಾನೇ ವಹಿಸಿಕೊಂಡಿದ್ದೇನೆ. ಮನೆಗೆ ಯಾರೇ ಬರಲಿ, ಅಡುಗೆಮನೆಗೆ ಕೇಳಿಸುವಷ್ಟು ಜೋರಾಗಿ ಮೊಸಳೆಯ ಕಥೆ ಹೇಳುತ್ತೇನೆ. ಪ್ರತಿ ಸಲ ಅದು ಒಂದಿಷ್ಟು ಬೆಳೆದಿರುತ್ತದೆ. ‘ಎಂಟಡಿ ಕಣೇ, ಸುಳ್ಳಿ’ ಎಂಬ ಒಂದು ಮಾತು ಒಳಗಿನಿಂದ ಬಂದರೆ ಸಾಕು ನನಗೆ.

ಕಳೆದ ಶನಿವಾರ ಅಮ್ಮನ ಗೆಳತಿಯ ಇಬ್ಬರು ಪುಟ್ಟ ಮಕ್ಕಳು ಬಂದಿದ್ದರು. ಬಿಸಿಬೇಳೆಬಾತಿನ ತಟ್ಟೆ ಹಿಡಿದು ನನ್ನ ಮುಂದೆ ಕೂತಿದ್ದರು.

“ನಲವತ್ತಡಿ!” ಎಂದೆ. “ಬಾಲ ಬೇರೆ ಲೆಕ್ಕ!”

“ನೋ ವೇ!”

“ನಮ್ಮಮ್ಮನ್ನೇ ಕೇಳ್ರೋ ಬೇಕಾದ್ರೆ.”

ಅಷ್ಟರಲ್ಲಿ ಅಮ್ಮ ಕೈ ಒರೆಸಿಕೊಳ್ಳುತ್ತ ಬಂದಳು.

“ಆಂಟಿ, ನಲವತ್ತಡಿನಾ?”

ಅಮ್ಮ ನನ್ನ ಮುಖ ನೋಡಿದಳು. ನಾನೂ ನೋಡಿದೆ.

“ಇರಬಹುದು ಪುಟ್ಟಾ,” ಎಂದಳು. “ನಂಗೆ ನೆನಪಿಲ್ಲ.” ಆಮೇಲೆ ನನಗೆ: “ಬ್ಯಾಗ್ ತಗೋ. ನಿಮ್ಮಪ್ಪ ಹೊರಗೆ ಕಾರಲ್ಲಿ ಕಾಯ್ತಿದಾರೆ.”

ಮಕ್ಕಳಿಬ್ಬರೂ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು. ನಂಬಿಬಿಟ್ಟಿದ್ದರು.